ಬದುಕಿರುವ ಅಕ್ಕನ ತಿಥಿ

ಹೇಳಿಯೇ ಬಿಡುತ್ತೇನೆ, ನನಗೆ ಹೊಟ್ಟೆಕಿಚ್ಚು. ಅದೂ ನಾನು ಎಂದೂ ಮಾತಾಡಿಸಿರದ, ನಾನೊಬ್ಬಳು ಇದ್ದೇನೆಂದೇ ಗೊತ್ತಿರದ ಒಬ್ಬ ಜಪಾನಿ ಹೆಂಗಸಿನ ಮೇಲೆ.

ಆಕೆ ಬೈಕ್ ರೇಸಿನವಳು. ಇಲ್ಲಿ ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ ಓಡಿಸುತ್ತಾರಲ್ಲ, ಅದು. ಬೈಕಿಗೆ ಬ್ರೇಕ್ ಇರುವುದಿಲ್ಲ. ಎಡಗಾಲಿನ ಬೂಟಿಗೆ ಕಬ್ಬಿಣದ ಅಟ್ಟೆ ಕಟ್ಟಿಕೊಂಡು, ತಿರುವು ಬಂದಾಗ ಅದನ್ನು ನೆಲಕ್ಕೆ ಉಜ್ಜುತ್ತಾ, ಇಡೀ ಗಾಡಿಯನ್ನು ಎಡಕ್ಕೆ ಒರಗಿಸಿ ಸುತ್ತಬೇಕು. ಗಂಡಸರ ಜೊತೆಗೇ ಓಡಿಸುತ್ತಿದ್ದಳು. ಪಾಪ, ಹಿಂದೆ ಬಿದ್ದಳು ಅಂದುಕೊಳ್ಳುವಷ್ಟರಲ್ಲಿ ಒಳಗಿನಿಂದ ನುಗ್ಗಿ ಎಲ್ಲರನ್ನೂ ದಾಟಿರುತ್ತಿದ್ದಳು. ಚೆನ್ನಾಗಿ ಓಡಿಸುತ್ತಿರಲಿಲ್ಲ ಅಂದರೆ ನನ್ನ ನಾಲಿಗೆ ಬಿದ್ದುಹೋದೀತು. ಅಂಥವಳು ಮೂವತ್ತಮೂರನೆಯ ವಯಸ್ಸಿಗೆ, ಕೈಕಾಲು ಗಟ್ಟಿಯಿರುವಾಗಲೇ, ಬಿಟ್ಟುಬಿಟ್ಟಳು.

ನಾವಿರುವುದು ಟೋಕಿಯೋ ಪಕ್ಕದ ಗ್ಯೋಟೋಕುವಿನಲ್ಲಿ. ನನ್ನ ಗಂಡ ಕಾಶಿವಾದ ವಿಶ್ವವಿದ್ಯಾಲಯದಲ್ಲಿ ಸಂಶೋಧಕ. ಆಗ ಅವನ ಲ್ಯಾಬಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಇಬ್ಬರು ಕನ್ನಡದ ಹುಡುಗರು, ಒಬ್ಬ ದಾವಣಗೆರೆಯವನು, ಇನ್ನೊಬ್ಬ ಹಾಸನದವನು, ಭಾನುವಾರ ಬಂತೆಂದರೆ ನಮ್ಮ ಮನೆಯಲ್ಲೇ ಊಟಕ್ಕೆ ಹಾಜರ್. ಬಂದ ಮೊದಲ ದಿನದಿಂದಲೂ ನನ್ನನ್ನು ‘ಅಕ್ಕ’ ಅನ್ನುತ್ತಿದ್ದರು. ಯಾರ ಹೆಸರಿನ ಹಿಂದೆಯೂ ಗೌರವದ ‘ಸಾನ್’ ಹಚ್ಚುವ ಈ ಊರಿನಲ್ಲಿ ಯಾರೋ ಬಾಗಿಲಲ್ಲೇ ನಿಂತು ‘ಅಕ್ಕಾ, ಹಸಿವು’ ಅಂತ ಕೂಗುವುದು ನನಗೆ ಬಹಳ ಹಿತವಾಗಿತ್ತು.

ಒಂದು ಭಾನುವಾರ ಸುಮ್ಮನೆ ನೋಡಿಬರೋಣವೆಂದು ಎಲ್ಲರೂ ಆ ರೇಸಿಗೆ ಹೋದೆವು. ಮಗಳು ಇನ್ನೂ ಕಂಕುಳಲ್ಲಿದ್ದಳು. ಜನರೆಲ್ಲ ಬಾಜಿಗೆ ದುಡ್ಡು ಕಟ್ಟಿ ಕೂತಿದ್ದರು, ನಾವು ಮಾತ್ರ ಪುಳಿಯೋಗರೆ ಕಟ್ಟಿಕೊಂಡು ಹೋಗಿದ್ದೆವು. ಆಕೆ ಕೊನೆಯ ಸುತ್ತಿನಲ್ಲಿ ಮುಂದೆ ಬಂದಳು ನೋಡಿ, ಸುತ್ತಲಿನವರೆಲ್ಲ ಎದ್ದು ನಿಂತು ‘ಅಕ್ಕಾ! ಅಕ್ಕಾ!’ ಎಂದು ಕೂಗತೊಡಗಿದರು. ನಮ್ಮ ಹುಡುಗರಿಗೆ ರೋಮಾಂಚನ. ‘ಗುರೂ, ಇಲ್ಲೂ ಅಕ್ಕ ಅಂತಾರೆ ಕಣೋ!’ ಅಂದ ದಾವಣಗೆರೆಯವನು. ಮೂವರು ಗಂಡಸರೂ ಗಂಟಲು ಹರಿಯುವ ಹಾಗೆ ಕೂಗಿದರು.

ಮುಂದಿನ ಸಲ ಹೋದಾಗಲೂ ಕೂಗಿದರು. ಆ ಸಲ ಆಕೆ ನೀಲಿ ಹಾಕಿದ್ದಳು. ಮುಂದಿನ ಸಾಲಿನ ಮುದುಕರೊಬ್ಬರು ಸ್ವಲ್ಪ ಹೊತ್ತು ಸಹಿಸಿಕೊಂಡು, ಆಮೇಲೆ ತಿರುಗಿ, ‘ಸುಮಿಮಾಸೆನ್’ ಎಂದು ಕ್ಷಮೆ ಕೇಳುತ್ತಾ ತಲೆ ಬಾಗಿಸಿ, ಅಕಾ ಅಂದರೆ ಕೆಂಪು, ಕೆಂಪಿನವನು ಅಗೋ ಕೊನೆಯಲ್ಲಿ ಬರುತ್ತಿದ್ದಾನೆ, ನಿಮಗೆ ಅವನು ಬೇಕೇ ಎಂದು ಕೇಳಿದರು. ಯಾವ ನಂಬರಿಗೆ ಯಾವ ಬಣ್ಣ ಎಂಬುದು ಇಲ್ಲಿ ಗೊತ್ತುಮಾಡಿಟ್ಟದ್ದು. ಮೊದಲ ದಿನ ಆಕೆಗೆ ಕೆಂಪು ಬಂದಿತ್ತು, ಅಷ್ಟೇ. ನಾನು ಬಿದ್ದು ಬಿದ್ದು ನಕ್ಕೆ. ಆದರೆ ಇವರು ಬಿಡಬೇಕಲ್ಲ? ನೀಲಿಯಾಗಲಿ ಹಳದಿಯಾಗಲಿ, ಆಕೆ ಇವರಿಗೆ ಅಕ್ಕನೇ ಆಗಿಹೋದಳು.

ಆಮೇಲೆ ನಡೆದದ್ದು ನಗುವ ವಿಷಯವಲ್ಲ. ಒಂದು ದಿನ ಹಾಸನದವನು ಸಾರು ಬಡಿಸಿಕೊಳ್ಳುತ್ತಾ, ‘ಆಂಟಿ, ಸ್ವಲ್ಪ ತುಪ್ಪ’ ಅಂದ. ನಾನು ಹಿಂದೆ ತಿರುಗಿ ನೋಡಿದೆ, ಯಾರಾದರೂ ಬಂದರೇನೋ ಅಂತ.

‘ಯಾರೋ ಆಂಟಿ?’

‘ಅಲ್ಲ, ಅಕ್ಕ ಅಂದ್ರೆ ಯಾವ ಅಕ್ಕ ಅಂತ ಕನ್‌ಫ್ಯೂಸ್ ಆಗುತ್ತೆ. ಅದಕ್ಕೇ...’

ನನ್ನ ಅಕ್ಕತನ ಕಿತ್ತು ಅವಳಿಗೆ ಕೊಟ್ಟರು, ನನಗೆ ಆಂಟಿ ಪಟ್ಟ ಕಟ್ಟಿದರು! ಗಂಡ ಪಕ್ಕದಲ್ಲೇ ಕೂತು ಕಿಸಕ್ಕನೆ ನಕ್ಕ. ಆವತ್ತು ತುಪ್ಪ ಬಡಿಸಲಿಲ್ಲ, ಯಾರಿಗೂ.

ಆಕೆ ರೇಸು ಬಿಟ್ಟಾಗ, ನಿಜ ಹೇಳಬೇಕೆಂದರೆ, ಸದ್ಯ ಪೀಡೆ ತೊಲಗಿತು ಅಂದುಕೊಂಡೆ. ಎಲ್ಲಿ ತೊಲಗಿತು? ಆಕೆ ಮೈಕಿನ ಮುಂದೆ ನಿಂತು, ‘ಸಾಕು ಅನ್ನಿಸಿತು’ ಎಂದಷ್ಟೇ ಹೇಳಿ ಬಾಗಿ ನಮಸ್ಕಾರ ಮಾಡಿ ಹೋಗಿದ್ದಳು. ಕಾರಣ ಹೇಳದೆ ಹೋದದ್ದೇ ಇವರಿಗೆ ಗೀಳಾಯಿತು. ಬೆನ್ನು ನೋವಿತ್ತೇ? ಮದುವೆಯೇ? ಯಾರಾದರೂ ಏನಾದರೂ ಅಂದರೇ? ವರ್ಷಕ್ಕೊಮ್ಮೆ, ಆಕೆ ಬಿಟ್ಟ ವಾರ, ನಮ್ಮ ಮನೆಯ ಟಿವಿಯಲ್ಲಿ ಆಕೆಯ ಹಳೆಯ ರೇಸುಗಳನ್ನೆಲ್ಲ ಹಾಕಿಕೊಂಡು ಕೂರುತ್ತಾರೆ. ನಾನು ಅದಕ್ಕೆ ಅಕ್ಕನ ತಿಥಿ ಅಂತಲೇ ಹೆಸರಿಟ್ಟಿದ್ದೇನೆ. ತಿಥಿಯ ಅಡುಗೆ ಯಾರದು? ಇನ್ಯಾರದು, ಆಂಟಿಯದೇ.

ಈ ವರ್ಷದ ತಿಥಿಗೆ ಆಲೂ ಬೋಂಡ, ಚಿತ್ರಾನ್ನ. ಇಲ್ಲಿನ ಅಕ್ಕಿ ಚಿತ್ರಾನ್ನಕ್ಕೆ ಹಾಕಿದರೆ ಅಂಟಿಕೊಂಡು ಮುದ್ದೆಯಾಗುತ್ತದೆಂದು ಎಡೋಗಾವಾದ ಇಂಡಿಯನ್ ಅಂಗಡಿಯಿಂದ ಸೋನಾ ಮಸೂರಿ ಹೊತ್ತು ತಂದಿದ್ದೆ. ನಾನು ಎಣ್ಣೆಯ ಮುಂದೆ ನಿಂತು ಬೇಯುತ್ತಿದ್ದೇನೆ, ಒಳಗೆ ಮೂವರೂ ನಿಟ್ಟುಸಿರು ಬಿಡುತ್ತಿದ್ದಾರೆ.

‘ಎಂಥಾ ಟ್ಯಾಲೆಂಟು ಸರ್. ವೇಸ್ಟ್ ಆಗೋಯ್ತು.’

‘ಇನ್ನೂ ಹತ್ತು ವರ್ಷ ಓಡಿಸಬಹುದಿತ್ತು ಕಣ್ರೋ,’ ಅಂದ ನನ್ನ ಗಂಡ. ಇಣುಕಿ ನೋಡಿದರೆ ಮಹಾರಾಯನ ಕಣ್ಣಲ್ಲಿ ನೀರು!

ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು. ಯಾಕೆ ಅಂತ ಹೇಳುತ್ತೇನೆ. ನಾನೂ ಮೂವತ್ತಮೂರಕ್ಕೇ ಬಿಟ್ಟವಳು. ಬೆಂಗಳೂರಿನ ಲ್ಯಾಬಿನಲ್ಲಿ ಪ್ರೋಟೀನಿನ ಹರಳು ಬೆಳೆಸುತ್ತಿದ್ದೆ. ಅದು ಎಲ್ಲರ ಕೈಗೂ ಬಗ್ಗುವ ಕೆಲಸವಲ್ಲ. ಅದೇ ದ್ರಾವಣ, ಅದೇ ಶಾಖ ಇಟ್ಟರೂ ಒಬ್ಬರಿಗೆ ಬರೀ ಕೆಸರು, ಇನ್ನೊಬ್ಬರಿಗೆ ಸಕ್ಕರೆಯಂತೆ ಹೊಳೆಯುವ ಹರಳು. ನನಗೆ ಹರಳು ಬರುತ್ತಿತ್ತು. ‘ಇವಳ ಕೈಗುಣ’ ಅನ್ನುತ್ತಿದ್ದರು ನಮ್ಮ ಪ್ರೊಫೆಸರು. ನನಗಿಂತ ಆಮೇಲೆ ಸೇರಿದ ಒಬ್ಬನಿಗೆ ನಾನೇ ಕೈಹಿಡಿದು ಕಲಿಸಿದೆ. ಅವನೇ ಈಗ ಸೋಫಾದ ಮೇಲೆ ಕೂತು ಅಳುತ್ತಿರುವವನು. ಮೊದಲು ಮೇಡಂ ಅನ್ನುತ್ತಿದ್ದ, ಆಮೇಲೆ ಮದುವೆಯಾದ. ಅವನಿಗೆ ಜಪಾನಿನಲ್ಲಿ ಕೆಲಸ ಸಿಕ್ಕಿತು, ನಾನು ಬಿಟ್ಟೆ. ನನ್ನನ್ನು ಯಾಕೆ ಅಂತ ಒಬ್ಬರೂ ಕೇಳಲಿಲ್ಲ, ಎಲ್ಲರಿಗೂ ಕಾರಣ ಮೊದಲೇ ಗೊತ್ತಿತ್ತು. ಏರ್‌ಪೋರ್ಟಿಗೆ ಬಂದವರೆಲ್ಲ ನಗುನಗುತ್ತಾ ಕೈಬೀಸಿದರು. ಒಬ್ಬರಾದರೂ, ಒಂದೇ ಒಂದು ಸಲ, ಅಯ್ಯೋ ಅನ್ನಬಾರದಿತ್ತೇ? ಅಷ್ಟೇ ನನಗೆ ಬೇಕಾಗಿದ್ದದ್ದು. ಈಗಲೂ ಅಷ್ಟೇ ಬೇಕು.

ಬೋಂಡದ ತಟ್ಟೆ ತಂದಿಟ್ಟೆ. ದಾವಣಗೆರೆಯವನು ಒಂದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು, ‘ಏನ್ ಕೈಗುಣ ಆಂಟಿ ನಿಮ್ದು!’ ಅಂದ.

ಅವನ ತಪ್ಪೇನೂ ಇಲ್ಲ, ಪಾಪ. ಆದರೆ ನನ್ನ ಕೈಯಲ್ಲಿದ್ದ ಚಟ್ನಿಯ ಬಟ್ಟಲು ಮೇಜಿನ ಮೇಲೆ ದಡ್ಡೆಂದು ಕೂತಿತು.

‘ಅವಳು ಬಿಟ್ಟಿದ್ದಕ್ಕೆ ವರ್ಷಾವರ್ಷ ಅಳ್ತೀರಲ್ಲ, ನಾನು ಬಿಟ್ಟಾಗ ಯಾರು ಅತ್ರು?’

ಹುಡುಗರು ಅಗಿಯುವುದನ್ನು ನಿಲ್ಲಿಸಿದರು. ಟಿವಿಯಲ್ಲಿ ಆಕೆ ತಿರುವು ತೆಗೆದುಕೊಳ್ಳುತ್ತಲೇ ಇದ್ದಳು. ಮೂಲೆಯಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ತಲೆಯೆತ್ತಿ, ‘ಮಮ್ಮಾ, ಯು ಹ್ಯಾಡ್ ಎ ಜಾಬ್? ಹೊಂತೋ?’ ಎಂದು ಕೇಳಿದಳು. ನಿಜವಾಗಿಯೂ ಎಂದು ಅವಳಿಗೆ ಆಶ್ಚರ್ಯ.

‘ಕೇಳಿಸ್ಕೊಂಡ್ಯಾ?’ ಅಂದೆ ಗಂಡನಿಗೆ. ‘ನೀನು ಒಂದಿನ ಆದ್ರೂ ಬೇಜಾರು ಮಾಡ್ಕೊಂಡ್ಯಾ? ಹೇಳು.’

ಅವನು ನನ್ನನ್ನು ಪಿಳಿಪಿಳಿ ನೋಡಿದ. ನಟನೆ ಮಾಡುವ ಚಾಲಾಕಿ ಅವನಿಗಿಲ್ಲ.

‘ನೀನು ಬಿಟ್ಟೆ ಅಂತ ನಾನು ಅನ್ಕೊಂಡೇ ಇರ್ಲಿಲ್ಲ ಕಣೇ,’ ಅಂದ. ‘ಪಾಪು ಸ್ವಲ್ಪ ದೊಡ್ಡದಾದ ಮೇಲೆ ಮತ್ತೆ ಸೇರ್ಕೊತೀಯ ಅಂತ ಇದ್ದೆ. ರಜದಲ್ಲಿದೀಯ ಅನ್ನೋ ಹಾಗೆ.’

‘ಯಾವಾಗ ಸೇರೋದು?’

ಅವನು ಮಗಳ ಕಡೆ ನೋಡಿದ. ನೀರು ಕುಡಿಯಲು ಎದ್ದು ನನ್ನ ಪಕ್ಕದಲ್ಲಿ ನಿಂತಿದ್ದಳು, ತಲೆ ನನ್ನ ಭುಜಕ್ಕೆ ಬಂದಿತ್ತು. ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಅವಳನ್ನು ನೋಡಿದ. ಕಳೆದ ವರ್ಷಗಳ ಲೆಕ್ಕ ಅವನ ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಬಹಳ ಮೆಲ್ಲಗೆ, ‘ಅಯ್ಯೋ’ ಅಂದ.

ಇಷ್ಟು ವರ್ಷ ಕಾದಿದ್ದೆನಲ್ಲ, ಕೇಳಿದರೆ ಹೊಟ್ಟೆ ತಣ್ಣಗಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಅವನು ಹಾಗೆ ಅನ್ನುವವರೆಗೂ, ನನ್ನ ಲೆಕ್ಕದಲ್ಲೂ, ನಾನು ರಜದಲ್ಲಿದ್ದೆ.