ನಾಲ್ಕಕ್ಕಿಂತ ಕಡಿಮೆ

ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಮಾನ್ವಿಯಿಂದ ರಾಯಚೂರಿಗೆ ದಿನಾ ಬಸ್ಸಿನಲ್ಲಿ ಬರುವಾಗಲೂ ಕೈಯಲ್ಲಿ ಮೊಬೈಲ್ ಆಡುತ್ತಲೇ ಇರುತ್ತದೆ. ಆಸ್ಪತ್ರೆಯೊಂದರ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ರಕ್ತ ಪರೀಕ್ಷೆಯ ಯಂತ್ರದ ಸಾಫ್ಟ್‌ವೇರ್ ಮಾತ್ರ ಹೊರಗಿನವರದು. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸ್ಯಾಂಪಲ್ ಸ್ವಲ್ಪ ಹೆಪ್ಪುಗಟ್ಟಿದರೂ ಸಾಕು, ಹಿಮೋಗ್ಲೋಬಿನ್ ಸೊನ್ನೆ, ಒಂದು ಎಂದು ಬಾಯಿಗೆ ಬಂದದ್ದನ್ನು ಕಳಿಸಿಬಿಡುತ್ತಿತ್ತು.

ರೇಗಿ ಒಂದು ಟ್ರಿಗರ್ ಬರೆದೆ. ಯಾವುದೇ ದಾಖಲೆ ಒಳಗೆ ಬರುವ ಗಳಿಗೆಯಲ್ಲೇ ಅದನ್ನು ತಡೆದು ನೋಡುವ ನಿಯಮ ಅದು. ಹನ್ನೆರಡರ ಆಸುಪಾಸು ಇರಬೇಕಾದ ಹಿಮೋಗ್ಲೋಬಿನ್ ನಾಲ್ಕಕ್ಕಿಂತ ಕಡಿಮೆ ಇದ್ದರೆ ಯಂತ್ರದ ತಪ್ಪು, ಒಳಗೆ ಬಿಡಬೇಡ, ಬೇರೆ ಪಟ್ಟಿಗೆ ಹಾಕು ಎಂದೆ. ಅಷ್ಟು ಕಡಿಮೆ ಇದ್ದವರು ನಡೆದುಕೊಂಡು ಆಸ್ಪತ್ರೆಗೆ ಬರಲಾರರು ಎಂದುಕೊಂಡಿದ್ದೆ. ಯಾವ ಡಾಕ್ಟರನ್ನೂ ಕೇಳಲಿಲ್ಲ. ಎರಡು ವಾರ ಕಸ ಒಳಗೆ ಬರಲಿಲ್ಲ, ನಾನೂ ಬೀಗಿದೆ.

ಒಂದು ಮಧ್ಯಾಹ್ನ ಡಾಕ್ಟರಮ್ಮ ಫೋನ್ ಮಾಡಿ, ಗಬ್ಬೂರಿನ ಹೆಣ್ಣುಮಗಳೊಬ್ಬಳ ರಿಪೋರ್ಟ್ ಬೆಳಿಗ್ಗೆಯಿಂದ ಬಂದಿಲ್ಲ ಎಂದರು. ಹೊಸದಾಗಿ ರಕ್ತ ತೆಗೆದು ಮೂರು ಸಲ ಕಳಿಸಿದ್ದೇನೆ ಎಂದು ಲ್ಯಾಬಿನವಳು ನನ್ನ ಜೊತೆ ಜಗಳಕ್ಕೇ ಬಂದಳು. ತಡೆದ ದಾಖಲೆಗಳ ಪಟ್ಟಿ ತೆರೆದೆ. ಮೂರೂ ಅಲ್ಲಿದ್ದವು. ಮೂರರಲ್ಲೂ ಎರಡು ಪಾಯಿಂಟ್ ಎಂಟು. ಯಂತ್ರದ ತಪ್ಪಾದರೆ ಮೂರು ಸಲವೂ ಒಂದೇ ಅಂಕಿ ಬರುವುದಿಲ್ಲ.

ಡಾಕ್ಟರಮ್ಮನಿಗೆ ಹೇಳಿದರೆ, ಈಗಲೇ ರಕ್ತ ಏರಿಸಬೇಕು, ಎಲ್ಲಿದ್ದಾಳೆ ಎಂದರು. ಹೊರಗೆ ಬೆಂಚು ಖಾಲಿ. ಕಾದು ಕಾದು ಬೇಸತ್ತು ಬಸ್ ಸ್ಟ್ಯಾಂಡಿಗೆ ಹೋದಳಂತೆ. ಅವಳ ಗುರುತಿದ್ದ ಲ್ಯಾಬಿನವಳನ್ನು ಕರೆದುಕೊಂಡು ಆಟೋದಲ್ಲಿ ಧಾವಿಸಿದೆ. ಗಬ್ಬೂರಿನ ಮೇಲೆ ಹೋಗುವ ದೇವದುರ್ಗದ ಬಸ್ಸು ಇನ್ನೇನು ಹೊರಡಬೇಕು. ಕಿಟಕಿ ಪಕ್ಕ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ ಕೂತಿದ್ದಳು. ತುಟಿ ಬಿಳಿಚಿಕೊಂಡಿತ್ತು.

"ಅಕ್ಕಾ, ಇಳೀರಿ. ನಿಮ್ಮ ಮೈಯಾಗ ರಕ್ತನ ಇಲ್ಲ" ಎಂದಳು ಲ್ಯಾಬಿನವಳು.

ಅವಳು ನಂಬಲಿಲ್ಲ. "ನಿನ್ನಿ ಮಟ ಹತ್ತಿ ಬಿಡಿಸೀನ್ರಿ. ಸುಸ್ತು ಎಲ್ಲಾರಿಗೂ ಇರ್ತದಲ್ಲ?"

ಲ್ಯಾಬಿನವಳೇ ಕೈ ಹಿಡಿದು ಇಳಿಸಿಕೊಂಡಳು. ರಕ್ತ ಏರಿಸಿದರು, ಆ ಹೆಣ್ಣುಮಗಳು ಬದುಕುಳಿದಳು.

ಅಂದೇ ನಿಯಮ ಬದಲಿಸಿದೆ. ಈಗ ಅದು ಏನನ್ನೂ ಹೊರಗೆ ತಳ್ಳುವುದಿಲ್ಲ. ಅನುಮಾನ ಬಂದರೆ ಗುರುತು ಹಾಕಿ ಡಾಕ್ಟರಿಗೆ ತೋರಿಸುತ್ತದೆ. ಆದರೆ ಸುಸ್ತು ಎಲ್ಲಾರಿಗೂ ಎಂದಳಲ್ಲ, ಆ ಮಾತು ನನ್ನನ್ನು ಬಿಡಲಿಲ್ಲ. ಎರಡು ವಾರದಲ್ಲಿ ತಡೆದವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿಸಿ ಮತ್ತೆ ಪರೀಕ್ಷೆಗೆ ಕರೆಸಿದೆವು. ಬಂದವರದೆಲ್ಲ ಯಂತ್ರದ ತಪ್ಪೇ ಆಗಿತ್ತು. ಮಲ್ಲಟದ ಒಬ್ಬಳು ಮಾತ್ರ ಸಿಗಲಿಲ್ಲ. ಅವಳದು ಮೂರು ಪಾಯಿಂಟ್ ಆರು. ಊರಿಗೇ ಹೋಗಿ ವಿಚಾರಿಸಿದೆ. ಆ ಹೆಸರಿನವರು ಓಣಿಗೊಬ್ಬರಿದ್ದರು, ರಾಯಚೂರಿಗೆ ಹೋಗಿದ್ದೆ ಎಂದವರು ಯಾರೂ ಇಲ್ಲ.

ಈಗಲೂ ಬೆಳಿಗ್ಗೆ ಬಸ್ಸಿನಲ್ಲಿ ಸೀಟು ಸಿಕ್ಕ ಕೂಡಲೇ ಮೊದಲು ಮಲ್ಲಟದವಳ ಆ ನಂಬರಿಗೆ ಫೋನ್ ಹಚ್ಚುತ್ತೇನೆ. ಸ್ವಿಚ್ ಆಫ್ ಎನ್ನುತ್ತದೆ.