ಸಾಮಾನಿಗೆ ಹಸಿರು ಬಸ್ಸು, ಜನಕ್ಕೆ ಹಳದಿ ಬಸ್ಸು

ನಾನು ಚಿಕ್ಕವಳಿದ್ದಾಗ ನಮ್ಮ ಊರಿನವರು ಹೊತ್ತು ನೋಡುತ್ತಿದ್ದದ್ದು ಬಸ್ಸಿನಿಂದ. ಬಾಳೂರು ದಾಟಿ ಕಳಸದ ಕಡೆ ಹೋಗುವ ರಸ್ತೆಯ ಒಂದು ತಿರುವಿನಲ್ಲಿ ನಮ್ಮ ಅಪ್ಪನ ಅಂಗಡಿ ಇತ್ತು. ಅಂಗಡಿಯ ಹಿಂದೆಯೇ ನಮ್ಮ ಮನೆ, ಮನೆಯ ಹಿಂದೆ ಒಂದಿಷ್ಟು ಕಾಫಿ ಗಿಡ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಸ್ಸು ಕೆಳಗಿನಿಂದ ಹತ್ತಿ ಬಂದು, ಅಂಗಡಿಯ ಮುಂದೆ ತಿರುಗಿಸಿಕೊಂಡು ಮತ್ತೆ ಇಳಿದು ಹೋಗುತ್ತಿತ್ತು. ನಮ್ಮ ಮನೆಯ ಗಡಿಯಾರ ನಿಂತುಹೋದರೆ ಅದಕ್ಕೆ ಕೀಲಿ ಕೊಡಲು ಯಾರೂ ಅವಸರ ಮಾಡುತ್ತಿರಲಿಲ್ಲ.

ಮೊದಲು ಇದ್ದದ್ದು ಹಸಿರು ಬಸ್ಸು ಒಂದೇ. ಅದರೊಳಗೆ ಡೀಸೆಲ್, ಬೀಡಿ, ಒದ್ದೆ ಗೋಣಿಚೀಲ, ಮುಂದಿನ ದೇವರ ಪಟಕ್ಕೆ ಹಾಕಿದ ಮಲ್ಲಿಗೆ, ಎಲ್ಲ ಸೇರಿ ಒಂದು ವಾಸನೆ ಇತ್ತು. ಕಿಟಕಿಯ ಗಾಜು ಏರುವಲ್ಲಿ ಗಡಗಡ ಎನ್ನುತ್ತಿತ್ತು, ಇಳಿಯುವಲ್ಲಿ ಸುಮ್ಮನಾಗುತ್ತಿತ್ತು. ಅದರ ಕಂಡಕ್ಟರನ್ನು ನಾವು ಮಕ್ಕಳು ಮಾವ ಎಂದೇ ಕರೆಯುತ್ತಿದ್ದೆವು. ಅಜ್ಜಿಯ ಕೆಮ್ಮಿನ ಔಷಧಿ, ಗಿರಣಿಯಿಂದ ಹಿಟ್ಟು, ಅಪ್ಪನ ಅಂಗಡಿಗೆ ಈರುಳ್ಳಿ ಮೂಟೆ, ಯಾರದೋ ಮನೆಗೆ ಹೊಲಿಸಿದ ರವಿಕೆ, ಯಾವುದನ್ನು ಹೇಳಿದರೂ ಕೆಳಗಿನ ಪೇಟೆಯಿಂದ ತಂದು ಕೊಡುತ್ತಿದ್ದ. ಕಿವಿಯ ಮೇಲೆ ಪೆನ್ಸಿಲ್ ಇರುತ್ತಿತ್ತು, ಆದರೆ ಅವನು ಬರೆದುಕೊಂಡದ್ದನ್ನು ನಾನು ನೋಡಿಲ್ಲ. ಸಾಮಾನು ತಂದದ್ದಕ್ಕೆ ಕಾಸು ಕೇಳಿದ್ದನ್ನೂ ನೋಡಿಲ್ಲ.

ಆಮೇಲೆ ಹಳದಿ ಬಸ್ಸು ಬಂತು. ಹೊಸ ಬಸ್ಸು, ಮೆತ್ತನೆ ಸೀಟು, ಒಳಗೆ ಹಾಡು. ಅದು ಹಸಿರು ಬಸ್ಸಿಗಿಂತ ಸ್ವಲ್ಪ ಮೊದಲು ಬಂದು ನಿಲ್ಲುತ್ತಿತ್ತು, ಟಿಕೆಟ್ಟು ಅರ್ಧಕ್ಕರ್ಧ. ಹಸಿರು ಬಸ್ಸಿನವರೂ ದರ ಇಳಿಸಿದರು. ಹಳದಿಯವರು ಇನ್ನೂ ಇಳಿಸಿ, ಮಕ್ಕಳ ಕೈಗೆ ಪೆಪ್ಪರಮೆಂಟು ಬೇರೆ ಕೊಟ್ಟರು. ಎರಡೂ ಬಸ್ಸು ಒಂದರ ಹಿಂದೊಂದು ಹಾರನ್ ಹಾಕುತ್ತ ತಿರುವು ಹತ್ತಿ ಬರುವುದನ್ನು ನೋಡಲು ನಾವು ಬೇಲಿಯ ಮೇಲೆ ಕೂರುತ್ತಿದ್ದೆವು. ದೊಡ್ಡವರಿಗೂ ಖುಷಿಯೇ.

"ಅವರವರು ಜಗಳ ಆಡ್ಲಿ ಮಾರಾಯ, ನಮಗೆಂತ?" ಎಂದು ಅಪ್ಪ ದೊಡ್ಡಪ್ಪನಿಗೆ ಹೇಳುತ್ತಿದ್ದರು. "ಜಗಳದಲ್ಲಿ ನಮಗೇ ಲಾಭ."

ನಮ್ಮ ಊರಿನವರು ಒಂದು ಹೊಸ ಪದ್ಧತಿಯನ್ನೂ ಕಂಡುಕೊಂಡರು. ತಾವು ಹಳದಿ ಬಸ್ಸು ಹತ್ತುವುದು, ಸಾಮಾನನ್ನು ಮಾತ್ರ ಹಸಿರು ಬಸ್ಸಿಗೆ ಹೇಳುವುದು. ಹಳದಿ ಬಸ್ಸಿನ ಕಂಡಕ್ಟರ್ ಔಷಧಿ ಅಂಗಡಿಗೆ ಹೋಗುವವನಲ್ಲ, ಮಾವನಾದರೆ ಇಲ್ಲ ಎನ್ನುವವನಲ್ಲ. ಹೀಗಾಗಿ ಹಸಿರು ಬಸ್ಸಿನ ತಲೆಯ ಮೇಲೆ ಇಡೀ ಊರಿನ ಗಂಟುಮೂಟೆ, ಹೊಟ್ಟೆಯಲ್ಲಿ ಮಾತ್ರ ಯಾರೂ ಇಲ್ಲ. ಒಂದು ದಿನ ಮಾವ ಈರುಳ್ಳಿ ಮೂಟೆ ಇಳಿಸುತ್ತ ಅಪ್ಪನಿಗೆ ಹೇಳಿದ, "ಈರುಳ್ಳಿಗೆ ಟಿಕೆಟ್ಟಿಲ್ಲ ಅಣ್ಣ, ಟಿಕೆಟ್ ತಗೊಳ್ಳೋರು ನನ್ ಬಸ್ಸಲ್ಲಿಲ್ಲ. ನಂದೂ ಒಂದು ಬಾಳು ನೋಡಿ." ಅಪ್ಪ ನಕ್ಕರು, ಅವನೂ ನಕ್ಕ. ನಾನೊಬ್ಬ ಹತ್ತದಿದ್ದರೆ ಬಸ್ಸು ನಿಂತುಹೋಗುತ್ತದೆಯೇ ಎಂದು ಪ್ರತಿಯೊಂದು ಮನೆಯವರೂ ಅಂದುಕೊಂಡಿದ್ದರು.

ಒಂದು ಬೆಳಿಗ್ಗೆ ಹಸಿರು ಬಸ್ಸು ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಅಪ್ಪ ಖಾಲಿ ಎಣ್ಣೆ ಡಬ್ಬ ಹಿಡಿದು ರಸ್ತೆಯಲ್ಲಿ ನಿಂತೇ ಇದ್ದರು. ಬಸ್ಸನ್ನು ಮಾರಿದರಂತೆ, ಮಾವ ಆಲ್ದೂರಿನ ಕಡೆ ಯಾವುದೋ ಲಾರಿಗೆ ಸೇರಿಕೊಂಡನಂತೆ ಎಂದು ಆಮೇಲೆ ಸುದ್ದಿ ಬಂತು.

ಹಳದಿ ಬಸ್ಸಿನ ಪೆಪ್ಪರಮೆಂಟು ಆ ವಾರವೇ ನಿಂತಿತು. ಟಿಕೆಟ್ಟು ಮೊದಲಿನ ದರಕ್ಕೆ ಬಂತು, ಆಮೇಲೆ ಅದನ್ನೂ ದಾಟಿತು. ಮೂಟೆಗೂ ಟಿಕೆಟ್ಟಾಯಿತು. ಅಪ್ಪ ಅಂಗಡಿಯ ಸಾಮಾನಿನ ಬೆಲೆ ಏರಿಸಬೇಕಾಯಿತು, ಬೈಸಿಕೊಂಡದ್ದೂ ಅವರೇ. ಮೇಲಿನ ದೊಡ್ಡ ಎಸ್ಟೇಟಿನವರಿಗೆ ಇದು ಯಾವುದೂ ತಿಳಿಯಲೇ ಇಲ್ಲ, ಅವರ ಮಕ್ಕಳು ಜೀಪಿನಲ್ಲಿ ಹೋಗುತ್ತಿದ್ದರು. ನಮ್ಮಂಥವರಿಗೆ ಕೈ ಬಿಗಿಯಾಯಿತು. ಎಸ್ಟೇಟಿನ ಕೂಲಿಯವರ ಸಾಲುಮನೆಗಳಿಗೆ ನಾವು ಲೈನು ಅನ್ನುತ್ತಿದ್ದೆವು. ಆ ಲೈನಿನವರು ಬಸ್ಸು ಬಿಟ್ಟು ಕೊಟ್ಟಿಗೆಹಾರದಿಂದ ನಡೆದೇ ಬರತೊಡಗಿದರು. ಲೈನಿನಿಂದ ಬಣಕಲ್ಲಿನ ಹೈಸ್ಕೂಲಿಗೆ ಹೋಗುತ್ತಿದ್ದವಳು ಒಬ್ಬಳೇ ಹುಡುಗಿ, ನಮ್ಮ ಅಕ್ಕನ ಗೆಳತಿ. ಬಸ್ಸಿನಲ್ಲಿ ಇಬ್ಬರೂ ಒಂದೇ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಓದುತ್ತಿದ್ದರು. ಟಿಕೆಟ್ಟು ಏರಿದ ಮೇಲೆ ಅವಳು ಬರುವುದು ನಿಂತಿತು. ಅಕ್ಕ ಒಬ್ಬಳೇ ಹೋಗಿಬರುತ್ತಿದ್ದಳು.

ಆ ವರ್ಷ ಕಾಫಿಯ ಬೆಲೆಯೂ ಬಿತ್ತು. ಯಾವುದೋ ದೂರದ ದೇಶದಲ್ಲಿ ತುಂಬಾ ಬೆಳೆದರಂತೆ. ಅಲ್ಲಿ ಬೆಳೆದರೆ ಇಲ್ಲಿ ನಮ್ಮ ಕಣದಲ್ಲಿ ಒಣಗುತ್ತಿದ್ದ ಕಾಫಿಗೆ ಯಾಕೆ ಬೆಲೆ ಹೋಗಬೇಕು ಎಂದು ಅಮ್ಮನಿಗೆ ಅರ್ಥವಾಗಿರಲಿಲ್ಲ. ಎಸ್ಟೇಟುಗಳು ಆಳು ಕಡಿಮೆ ಮಾಡಿದವು. ಆಳು ಕಡಿಮೆಯಾದಂತೆ ಬಸ್ಸಿನ ಸೀಟೂ ಖಾಲಿಯಾಯಿತು.

ನಾನು ಹೇಳಬೇಕೆಂದಿದ್ದ ದಿನ ಆಗಲೇ ಬಂದದ್ದು. ಸೋಮವಾರ. ಅಮ್ಮನಿಗೆ ಒಪ್ಪೊತ್ತು. ಬೆಳಗಿನ ಬಸ್ಸಿನಿಂದ ಹಳದಿ ಬಸ್ಸಿನ ಸಾಹುಕಾರರೇ ಇಳಿದರು. ಬಿಳಿ ಪಂಚೆ, ಕೈಯಲ್ಲೊಂದು ಕೊಡೆ. ಅಂಗಡಿಯ ಬೆಂಚಿನ ಮೇಲೆ ಕೂತು, ಸಂಜೆಯ ಟ್ರಿಪ್ಪು ಇವತ್ತಿಗೆ ಕೊನೆ, ನಾಳೆಯಿಂದ ಸಂಜೆಯ ಬಸ್ಸು ಬಾಳೂರಿನಿಂದ ಮೇಲೆ ಬರುವುದಿಲ್ಲ ಎಂದರು.

ಅಕ್ಕ ಚೀಲ ಹೆಗಲಿಗೆ ಹಾಕಿಕೊಂಡು ಅಲ್ಲೇ ನಿಂತಿದ್ದಳು. ಒಳಗೆ ಹೋಗಿ ಅಮ್ಮನನ್ನು ಕೇಳಿದಳು, "ನಾಳೆಯಿಂದ ನಾನೂ ಹೋಗೋದಿಲ್ವಾ?"

ಅಮ್ಮ ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ. "ಇವತ್ತು ಹೋಗಿ ಬಾ" ಎಂದರು.

ಅಕ್ಕ ಹೋದಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಅಪ್ಪ ಸಾಹುಕಾರರಿಗೆ ಅವಲಕ್ಕಿ, ಕಾಫಿ ಕೊಟ್ಟರು. "ಮಗಳು ಬಣಕಲ್ಲಿಂದ ಬರ್ಬೇಕು ಸಾವ್ಕಾರ್ರೆ. ಬೆಳಿಗ್ಗೆ ಹೋದೋಳು ಸಂಜೆ ಎಂತದ್ರಲ್ಲಿ ಬರೋದು?"

"ನಾನೆಂತ ಮಾಡ್ಲಿ ಹೇಳಿ" ಎಂದರು ಅವರು. ಕೆಟ್ಟ ಮಾತಿನವರಲ್ಲ. ಅವಲಕ್ಕಿ ಚೆನ್ನಾಗಿದೆ ಎಂದು ಎರಡನೇ ಸಲ ಹಾಕಿಸಿಕೊಂಡಿದ್ದರು. "ಬಸ್ಸಿನ ಮೇಲೆ ಸಾಲ ಇದೆ. ಕಾಫಿಗೆ ರೇಟಿಲ್ಲ, ತೋಟದಲ್ಲಿ ಆಳಿಲ್ಲ, ಬಸ್ಸಿಗೆ ಜನ ಇಲ್ಲ. ಖಾಲಿ ಸೀಟಿಗೆ ಡೀಸೆಲ್ ಸುಡ್ಲಿಕ್ಕೆ ಆಗ್ತದಾ?"

"ಹಸಿರು ಬಸ್ಸು ಖಾಲಿಯೇ ಓಡ್ತಿತ್ತಲ್ಲ" ಎಂದರು ಮೂಲೆಯಲ್ಲಿ ಕೂತಿದ್ದ ದೊಡ್ಡಪ್ಪ.

"ಅದಕ್ಕೇ ಅದು ಈಗಿಲ್ಲ." ಸಾಹುಕಾರರು ಲೋಟ ಕೆಳಗಿಟ್ಟರು. "ಅದನ್ನ ಖಾಲಿ ಮಾಡಿದ್ದು ನಾನೊಬ್ನೇನಾ? ಕಡಿಮೆ ಸಿಕ್ಕಿದ ಕಡೆ ನೀವು ಹತ್ತಿದ್ರಿ. ನಾಲ್ಕು ಕಾಸು ಹುಟ್ಟೋ ಕಡೆ ನಾನು ಓಡಿಸ್ತೀನಿ. ನಿಮ್ಮ ಲೆಕ್ಕವೇ ನಂದೂ, ಅಷ್ಟೇ."

ಅಪ್ಪ ತಕ್ಕಡಿಯ ತಟ್ಟೆಯನ್ನು ಬೆರಳಿನಿಂದ ಒತ್ತುತ್ತಿದ್ದರು, ಬಿಡುತ್ತಿದ್ದರು.

ಇಲ್ಲಿ ನಿಮಗೆ ಒಂದು ವಿಷಯ ಹೇಳಬೇಕು. ನಮ್ಮ ತಿರುವಿನಲ್ಲಿ ಕಲ್ಲಿನ ಒಂದು ಪುಟ್ಟ ಬಸವಣ್ಣನ ಗುಡಿ ಇತ್ತು. ಅರ್ಚಕರೆಂದು ಯಾರೂ ಇರಲಿಲ್ಲ. ಊರಿನ ಮನೆಗಳವರು ಪಾಳಿಯ ಮೇಲೆ ದಿನಕ್ಕೊಂದು ಮನೆಯಂತೆ ಎಣ್ಣೆ ತಂದು ದೀಪ ಹಚ್ಚುತ್ತಿದ್ದರು. ಒಬ್ಬೊಬ್ಬರೇ ದಿನಾ ಹಚ್ಚಬೇಕೆಂದರೆ ಯಾರಿಂದಲೂ ಆಗದ ಕೆಲಸ, ಪಾಳಿಯಲ್ಲಿ ಯಾರಿಗೂ ಹೊರೆಯಾಗದೆ ನಡೆಯುತ್ತಿತ್ತು.

ಅಮ್ಮ ಬತ್ತಿಯ ತಟ್ಟೆ ಹಿಡಿದುಕೊಂಡೇ ಒಳಬಾಗಿಲಿಗೆ ಬಂದರು. ಹೊರಗಿನ ಗಂಡಸರ ಮುಂದೆ ಅಮ್ಮ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ಎಷ್ಟು ಜನ ಆದ್ರೆ ಸಾಕು?"

ಸಾಹುಕಾರರು ನೆಟ್ಟಗೆ ಕೂತರು. "ಬಾಳೂರಿಂದ ಮೇಲೆ ಹತ್ತು ಜನ ಇದ್ರೆ ನಂಗೆ ಲುಕ್ಸಾನಿಲ್ಲ ತಾಯಿ. ಆದ್ರೆ ದಿನಾ ಬೇಕು. ನಿಮ್ಮೋರು ಸಂತೆ ದಿನ ಬಾಗಿಲಲ್ಲಿ ನೇತಾಡ್ತಾರೆ, ಉಳಿದ ದಿನ ನಾಪತ್ತೆ."

"ಹಾಗಾದ್ರೆ ದೀಪದ ಪಾಳಿ ಹಾಗೆ ಬಸ್ಸಿಗೂ ಪಾಳಿ ಮಾಡೋಣ" ಎಂದರು ಅಮ್ಮ. "ಎಲ್ರೂ ಸಂತೆ ದಿನಾನೇ ಹೋಗ್ಬೇಕು ಅಂತ ಶಾಸ್ತ್ರ ಇಲ್ವಲ್ಲ. ಹಿಟ್ಟಿನ ಗಿರಣಿ ಒಬ್ರಿಗೆ ಇವತ್ತು, ಇನ್ನೊಬ್ರಿಗೆ ನಾಳೆ. ಮಧ್ಯಾಹ್ನದ ಬಸ್ಸಿಗೆ ಇಳಿದು ಸಂಜೆ ಬಸ್ಸಿಗೆ ಬರೋದು."

"ನನ್ನ ಪಾಳಿ ದಿನ ನಂಗೆ ಬಣಕಲ್ಲಲ್ಲಿ ಎಂತ ಕೆಲಸ ಮಾರಾಯ್ತಿ?" ಎಂದರು ದೊಡ್ಡಪ್ಪ. "ಗಡ್ಡ ಬೋಳಿಸ್ಕೊಂಡು ಬರ್ಲಾ?"

"ಬಂದ್ರೆ ಒಳ್ಳೇದೇ ಭಾವ" ಎಂದರು ಅಮ್ಮ.

ಮೊದಲು ನಕ್ಕದ್ದು ಸಾಹುಕಾರರು. ಆಮೇಲೆ, ಇವತ್ತು ಸಂಜೆಯೇ ನೋಡುತ್ತೇನೆ, ಬಾಯಿಮಾತಿಗೆ ಬಸ್ಸು ಓಡುವುದಿಲ್ಲ ಎಂದರು.

ಅಮ್ಮ ಮನೆಮನೆಗೆ ಹೋದರು. ನಾನೂ ಸೆರಗು ಹಿಡಿದು ಹೋದೆ. ಒಬ್ಬರು ಕಾಫಿ ಹರಡಿದ್ದೇನೆ ಎಂದರು, ಇನ್ನೊಬ್ಬರು ನಿಮ್ಮ ಮಗಳ ಶಾಲೆಗೆ ನಾವು ಯಾಕೆ ಟಿಕೆಟ್ ಕೊಡಬೇಕು ಎಂದು ಮುಖದ ಮೇಲೆ ಹೇಳಿದರು. ಅಮ್ಮ ಅದಕ್ಕೆ ಕೋಪ ಮಾಡಲಿಲ್ಲ. "ನಾಳೆ ನಿಮ್ಮ ಬಾಣಂತಿ ಬರ್ಲಿಕ್ಕೂ ಅದೇ ಬಸ್ಸು" ಎಂದಷ್ಟೇ ಹೇಳಿ ಮುಂದಿನ ಮನೆಗೆ ನಡೆದರು. ಮಧ್ಯಾಹ್ನದ ಬಸ್ಸಿನ ಹೊತ್ತಿಗೆ ಅಂಗಡಿಯ ಮುಂದೆ ಜನ ಸೇರಿದ್ದರು. ಗಿರಣಿಗೆ ಅಕ್ಕಿ ಹಿಡಿದವರು, ಕೈಬೀಸಿಕೊಂಡು ಬಂದವರು, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು. ಅಮ್ಮ ಒಪ್ಪೊತ್ತಿನ ಹೊಟ್ಟೆಯಲ್ಲೇ ಬಸ್ಸು ಹತ್ತಿ, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಕಣ್ಣುಮುಚ್ಚಿ ಕೂತರು. ತುಟಿ ಮಾತ್ರ ಅಲ್ಲಾಡುತ್ತಿತ್ತು.

ಸಂಜೆ ಬಣಕಲ್ಲಿನ ಸ್ಟಾಪಿನಲ್ಲಿ ಅಕ್ಕ ತಲೆ ತಗ್ಗಿಸಿಕೊಂಡು ಬಸ್ಸು ಹತ್ತಿದಳು. ತಲೆ ಎತ್ತಿದರೆ ಇಡೀ ಊರೇ ಒಳಗಿದೆ. ದೊಡ್ಡಪ್ಪ ನಿಜವಾಗಿಯೂ ನುಣ್ಣಗೆ ಗಡ್ಡ ಬೋಳಿಸಿಕೊಂಡು ಕಿಟಕಿಯ ಪಕ್ಕ ಕೂತಿದ್ದರು. "ಬಾ ಮಗಾ" ಎಂದರು, "ನಿನ್ನ ದೆಸೆಯಿಂದ ನಾನೂ ಮದುಮಗ ಆದೆ." ಅಕ್ಕನಿಗೆ ನಗು ಬಂತೋ ಅಳು ಬಂತೋ, ಅಮ್ಮನ ತೋಳಿಗೆ ಮುಖ ಒತ್ತಿಕೊಂಡಳು. ಹೊಸ ಹಿಟ್ಟಿನ ಬಿಸಿ ವಾಸನೆ ಬಸ್ಸಿನ ತುಂಬ ಇತ್ತು. ಬಾಳೂರಿನಲ್ಲಿ ಸಾಹುಕಾರರು ಹತ್ತಿ, ಹಿಂದಿನವರೆಗೂ ಒಮ್ಮೆ ನೋಡಿ, ಡ್ರೈವರಿಗೆ ಹೊರಡು ಎಂದು ಕೈಮಾಡಿದರು.

ಬಸ್ಸು ಲೈನಿನ ಮುಂದೆ ನಿಧಾನವಾಯಿತು. ನಲ್ಲಿಯ ಹತ್ತಿರ ಅಕ್ಕನ ಗೆಳತಿ ಕೊಡ ತುಂಬಿಸುತ್ತಿದ್ದಳು. ಅಕ್ಕ ಕಿಟಕಿಯಿಂದ ಕೈ ಎತ್ತಿದಳು. ಅವಳು ಕೊಡ ಬಿಟ್ಟು ಕೈ ಎತ್ತಿದಳು, ನೀರು ತುಂಬಿ ಹೊರಗೆ ಚೆಲ್ಲುತ್ತಿತ್ತು. ಅಮ್ಮ ಅದನ್ನು ನೋಡಿದರು. ಲೈನಿನವರಿಗೆ ದೀಪದ ಪಾಳಿ ಇರಲಿಲ್ಲ, ಹಾಗಾಗಿ ಬೆಳಿಗ್ಗೆ ಅಮ್ಮ ತಿರುಗಿದ ಮನೆಗಳಲ್ಲಿ ಆ ಮನೆ ಇರಲಿಲ್ಲ.

ಮಾರನೆಯ ದಿನ ಅಮ್ಮ ಅಲ್ಲಿಗೂ ಹೋದರು. ಆ ಹುಡುಗಿಯ ಹೆಸರನ್ನು ಆಗಲೇ ಎಸ್ಟೇಟಿನ ಕೆಲಸಕ್ಕೆ ಸೇರಿಸಿದ್ದರು. ಮನೆಯಲ್ಲಿ ದುಡಿಯುವ ಕೈ ಬೇಕಿತ್ತು. "ನೀವು ಸ್ವಲ್ಪ ಮೊದ್ಲೇ ಬಂದಿದ್ರೆ ನೋಡ್ಬಹುದಿತ್ತು ಅಮ್ಮಾರೆ" ಎಂದಳಂತೆ ಅವಳ ತಾಯಿ.

ಅಕ್ಕ ಹೈಸ್ಕೂಲು ಮುಗಿಸುವ ತನಕ ಆ ಪಾಳಿ ನಡೆಯಿತು. ನಡುವೆ ಜಗಳವೂ ಆಯಿತು, ಪಾಳಿ ತಪ್ಪಿಸಿದವರೂ ಇದ್ದರು, ಅಂಥ ದಿನ ಅಮ್ಮನೇ ಹೋಗಿಬರುತ್ತಿದ್ದರು. ಅಕ್ಕ ನರ್ಸಾದಳು, ಆಗ ತಾನೇ ಹುಟ್ಟಿದ ಎಷ್ಟೋ ಮಕ್ಕಳನ್ನು ಕೈಯಲ್ಲಿ ಹಿಡಿದಳು. ಅಮ್ಮ ಕೊನೆಯವರೆಗೂ ಬಸವಣ್ಣನ ಮುಂದೆ ಅಕ್ಕನ ಹೆಸರಿನ ಜೊತೆಗೆ ಆ ಇನ್ನೊಂದು ಹುಡುಗಿಯ ಹೆಸರನ್ನೂ ಹೇಳಿ ಕೈಮುಗಿಯುತ್ತಿದ್ದರು.

ಈಗ ನಿಮಗೆ ಬಸ್ಸಿಗೆ ಕಾಯುವ ಕೆಲಸವಿಲ್ಲ ಮಕ್ಕಳೇ. ಶಾಲೆಯ ವ್ಯಾನು ಗೇಟಿಗೇ ಬರುತ್ತದೆ. ಔಷಧಿಯನ್ನು ಫೋನಿನಲ್ಲಿ ಒತ್ತಿದರೆ ಅದೂ ಬರುತ್ತದೆ, ಮೊದಲ ಸಲಕ್ಕೆ ಅರ್ಧ ಬೆಲೆ ಬೇರೆ. ಅರ್ಧ ಬೆಲೆ ಎಂದಾಗಲೆಲ್ಲ ನನಗೆ ಪೆಪ್ಪರಮೆಂಟಿನ ರುಚಿ ನೆನಪಾಗುತ್ತದೆ. ಅದಕ್ಕೇ ಕರ್ಪೂರ, ಬೆಂಕಿಪೊಟ್ಟಣವನ್ನಾದರೂ ನಮ್ಮ ರಸ್ತೆಯ ಅಂಗಡಿಯಿಂದಲೇ ತರುತ್ತೇನೆ. ಅಲ್ಲಿ ಒಂದೆರಡು ರೂಪಾಯಿ ಜಾಸ್ತಿ ಎಂದು ನೀವು ನಗುತ್ತೀರಿ, ನಗಿ. ಕಾಫಿಗೆ ಈಗ ಒಳ್ಳೆಯ ಬೆಲೆ ಇದೆ, ದೇವರು ದೊಡ್ಡವನು. ಲೈನಿನಲ್ಲಿ ಈಗ ದೂರದ ಅಸ್ಸಾಮಿನಿಂದ ಬಂದವರಿದ್ದಾರೆ. ಅವರ ಮಕ್ಕಳು ರಸ್ತೆಯ ಅಂಚಿನಲ್ಲಿ ನಿಂತು ನಿಮ್ಮ ವ್ಯಾನಿಗೆ ಕೈಬೀಸುತ್ತಾರೆ.

ನಿನ್ನೆ ನಮ್ಮ ಪುಟ್ಟ ಚೀಲ ಬಿಚ್ಚುತ್ತ ಕೇಳಿದ, "ಅಜ್ಜಿ, ವ್ಯಾನಲ್ಲಿ ಹಿಂದಿನ ಸೀಟು ದಿನಾ ಖಾಲಿ ಇರ್ತದೆ. ಅವರನ್ನ ಯಾಕೆ ಹತ್ತಿಸ್ಕೊಳ್ಳಲ್ಲ?"

ನನಗೆ ಗೊತ್ತಿಲ್ಲ ಎಂದೆ. ಆದರೆ ಅವನ ಕಣ್ಣಿಗೆ ಅದು ಬಿದ್ದಿತಲ್ಲ, ಅಷ್ಟಕ್ಕೇ ಸಂಜೆ ದೀಪ ಹಚ್ಚುವಾಗ ಕೈಮುಗಿದೆ. ನಾಳೆ ಬೆಳಿಗ್ಗೆ ವ್ಯಾನು ಬಂದಾಗ ನಾನೂ ಗೇಟಿನ ತನಕ ಬರುತ್ತೇನೆ. ಮೊದಲು ಲೈನಿನ ಮನೆಗಳಿಗೆ ಹೋಗಿ, ಆಮೇಲೆ ಬರುತ್ತೇನೆ. ಡ್ರೈವರನ್ನು ಒಂದು ಮಾತು ಕೇಳಬೇಕು, ಎಷ್ಟು ಜನ ಆದರೆ ಸಾಕು ಎಂದು.