ಕೀಬೋರ್ಡಿನ ಕೆಂದೂಳು ತೆಗೆಯುವ ತಾಯಕ್ಕ

ಬೆಳಗಿನ ಐದೂಮುಕ್ಕಾಲು. ಹೊಸಪೇಟೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಈಶ್ವರ್ ಅವರ ಕಂಪ್ಯೂಟರ್ ರಿಪೇರಿ ಅಂಗಡಿಯ ಶಟರ್ ಮೊಣಕಾಲೆತ್ತರಕ್ಕಷ್ಟೇ ಎದ್ದಿದೆ. ಒಳಗೆ ಲೈಟು ಹಾಕಿಲ್ಲ. ಪರದೆಯ ಹಿಂದಿನ ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್ ತೆರೆದಿದೆ. ಅದರ ಕೀಲಿಗಳ ಅಡಿಯಿಂದ ಬಿಳಿ ಬೆಳಕು ಬರುತ್ತಿದೆ. ತಾಯಕ್ಕ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ, ಉಸಿರು ಬಿಗಿಹಿಡಿದು, ಒಂದೊಂದೇ ಕೀಲಿಯ ಸಂದಿಯಿಂದ ಅದಿರಿನ ಧೂಳು ಕೆದಕುತ್ತಿದ್ದಾರೆ.

"ಹಗಲಿನ್ಯಾಗ ಮ್ಯಾಲಿನ ಧೂಳಷ್ಟ ಕಾಣ್ತೈತ್ರಿ" ಎನ್ನುತ್ತಾರೆ ತಲೆಯೆತ್ತದೆ. "ಕತ್ತಲಾಗ ಅಡೀಲಿಂದ ಬೆಳಕ ಬಂತಂದ್ರ, ಎಲ್ಲಿ ಕುಂತೈತಿ ಅಂತ ಅದ ತೋರಸ್ತೈತಿ. ಮಬ್ಬಾದ ಕೀಲಿ ಕಂಡ್ರ ಅದರ ಬುಡಕ್ಕ ಕೈ ಹಾಕ್ತೀನಿ."

ಇದು ೨೦೦೮. ಸಂಡೂರಿನ ಗುಡ್ಡಗಳಿಂದ ಲಾರಿಗಳು ಸಾಲು ಕಡಿಯದಂತೆ ಇಳಿಯುತ್ತಿವೆ. ಎಲೆ ಕೆಂಪು, ಗೋಡೆ ಕೆಂಪು, ಮುಚ್ಚಿಟ್ಟ ಮೊಸರಿನ ಮೇಲೂ ಒಂದು ಪದರ ಕೆಂಪು. ಗಣಿ ಕಚೇರಿಗಳಿಗೆಲ್ಲ ಈಗ ಲ್ಯಾಪ್‌ಟಾಪ್ ಬಂದಿದೆ. ಕರೆಂಟಿನ ಕಣ್ಣಾಮುಚ್ಚಾಲೆ ಕಂಡ ಇಂಜಿನಿಯರುಗಳು ಕೀಲಿಗೆ ಬೆಳಕಿರುವುದನ್ನೇ ಹುಡುಕಿ ಕೊಳ್ಳುತ್ತಾರೆ. ಕೊಂಡ ಮೇಲೆ ಮಾಡುವ ಘನಕಾರ್ಯವೊಂದಿದೆ: ಧೂಳು ಕೂತರೆ ಪಂಕ್ಚರ್ ಅಂಗಡಿಗೆ ಒಯ್ದು, ಲಾರಿಯ ಫಿಲ್ಟರಿಗೆ ಗಾಳಿ ಹೊಡೆಯುವ ಪೈಪಿನಲ್ಲೇ ಇದಕ್ಕೂ ಹೊಡೆಸುವುದು. ಹೊರಗೆ ಬರಬೇಕಾದ ಧೂಳು ಒಳಗೆ ಹೋಗಿ ಗಟ್ಟಿಯಾಗುತ್ತದೆ. ಆಮೇಲೆ ತಾಯಕ್ಕನ ಮೇಜೇ ಗತಿ.

ಪಾಪಿನಾಯಕನಹಳ್ಳಿಯ ತಾಯಕ್ಕನಿಗೆ ನಲವತ್ತೆರಡು ವರ್ಷ. ಅದರಲ್ಲಿ ಒಂಬತ್ತು ವರ್ಷ ಯಶವಂತನಗರದ ಕಡೆ ಅದಿರು ರಾಶಿ ಹಾಕುವ ಪ್ಲಾಟಿನಲ್ಲಿ ಜರಡಿ ಹಿಡಿದೇ ಕಳೆದಿದೆ. ಕೆಮ್ಮು ಹಿಡಿದು ಉಸಿರು ಕಟ್ಟತೊಡಗಿದಾಗ ಡಾಕ್ಟರು ಆ ಕಡೆ ತಲೆ ಹಾಕಬೇಡಿ ಎಂದರು. ಆಮೇಲೆ ತಾಯಕ್ಕ ಈಶ್ವರ್ ಅವರ ಅಂಗಡಿಗೆ ಕಸ ಗುಡಿಸಲು ಬಂದರು. ಮೂರು ವರ್ಷದ ಹಿಂದೆ ಒಂದು ದಿನ, ಗಾಳಿ ಹೊಡೆಸಿಕೊಂಡು ಬಂದ ಲ್ಯಾಪ್‌ಟಾಪೊಂದರ ಕೀಲಿಗಳು ಕಿತ್ತುಬಂದು ನೆಲದ ತುಂಬ ಚೆಲ್ಲಾಡಿದವು. ಇಂಗ್ಲಿಷಿನ ಒಂದಕ್ಷರವೂ ಬಾರದ ತಾಯಕ್ಕ ಅವನ್ನೆಲ್ಲ ಆಯ್ದು, ಒಂದೂ ತಪ್ಪದಂತೆ ಕೂರಿಸಿಬಿಟ್ಟರು. ಹೇಗೆ?

"ಬಾಜೂಕ ಇನ್ನೊಂದು ಲ್ಯಾಪ್‌ಟಾಪ್ ಇತ್ತಲ್ರಿ. ಮಗ್ಗಲ ಮನಿ ರಂಗೋಲಿ ನೋಡಿ ಹಾಕ್ತೀವಲ್ಲ, ಹಂಗ."

ಈಗ ದಿನಕ್ಕೆ ಆರೇಳು ಕೀಬೋರ್ಡು, ಒಂದೊಂದರಲ್ಲಿ ಎಂಬತ್ತರ ಆಸುಪಾಸು ಕೀಲಿ. ಮೂರು ವರ್ಷದಲ್ಲಿ ಕೀಲಿ ಹಿಡಿದಿಡುವ ಕೊಕ್ಕೆ ಮುರಿದಿದ್ದು ಹನ್ನೊಂದೇ. ಇಷ್ಟಾದರೂ ಗಿರಾಕಿಗಳಿಗೆ ಅವರ ಸುಳಿವಿಲ್ಲ. ಬೆಂಗಳೂರಿನಿಂದ ತರಿಸಿದ ಮಷಿನ್ನಿನಲ್ಲಿ ಕ್ಲೀನ್ ಮಾಡುತ್ತೇವೆ ಎಂದು ಈಶ್ವರ್ ಹೇಳುತ್ತಾರೆ. ಜರಡಿ ಹಿಡಿದ ಹೆಂಗಸಿನ ಕೈಗೆ ದುಬಾರಿ ಮಾಲು ಯಾರು ಕೊಟ್ಟಾರು ಎಂಬ ಅಳುಕು ಅವರಿಗೆ. ಆ ಮಷಿನ್ನಿಗೆ ಏಳು ಗಂಟೆಗೆ ಚಹಾ ಬೇಕು, ಮಂಡಿ ನೋವಿದೆ ಎಂಬುದು ಹೊರಗೆ ಗೊತ್ತಿಲ್ಲ. ಬೆಳಕಿನ ಕೀಬೋರ್ಡು ಒಂದೇ ಒಂದು ಕೆಟ್ಟರೂ ಮೇಜು ಬಿಡಬೇಕೆಂದು ಈಶ್ವರ್ ಮೊದಲೇ ಹೇಳಿದ್ದಾರೆ. ಕಸ ಗುಡಿಸಲು ಈಗ ಬೇರೆಯವರಿದ್ದಾರೆ. ಮೇಜು ಬಿಟ್ಟರೆ ತಾಯಕ್ಕನಿಗೆ ಉಳಿಯುವುದು ಅದೇ ಪ್ಲಾಟು, ಅದೇ ಜರಡಿ.

ಇವತ್ತಿನ ಲ್ಯಾಪ್‌ಟಾಪ್ ಸಂಡೂರಿನ ಗಣಿಯೊಂದರ ಸರ್ವೆ ಇಂಜಿನಿಯರ್ ಬಸವಕುಮಾರ್ ಅವರದು. ಕೀಲಿಗಳ ಎಡಬಲಕ್ಕೆ ಜರಡಿಯಂಥ ಸಣ್ಣ ತೂತುಗಳ ಪಟ್ಟಿ; ಅದೂ ಧೂಳು ಮೆತ್ತಿ ಮುಚ್ಚಿದೆ. ಅದರೊಳಗೆ ಏನಿದೆಯೋ ತಾಯಕ್ಕನಿಗೆ ಗೊತ್ತಿಲ್ಲ. ಹೊಲಸು ಕಂಡರೆ ಬಿಡುವ ಪೈಕಿಯಲ್ಲ ಅವರು. ತೂತು ತೂತಿಗೂ ಬ್ರಷ್ಷಿನ ಎಳೆ ಆಡಿಸಿ ತೆಗೆಯುತ್ತಾರೆ. ಕೊನೆಗೆ ಎಲ್ಲ ಕೀಲಿಗಳೂ ಒಂದೇ ಸಮನೆ ಬೆಳಗುತ್ತವೆ.

ಎಂಟು ಗಂಟೆಗೆ ಈಶ್ವರ್ ಶಟರ್ ಪೂರ್ತಿ ಎತ್ತುತ್ತಾರೆ. ಪೂರ್ವದ ಬಿಸಿಲು ಒಳಗೆ ನುಗ್ಗುತ್ತದೆ. ಬೆನ್ನಿಗೇ ಬಸವಕುಮಾರ್ ಬರುತ್ತಾರೆ. ಕಂಪನಿ ಬಸ್ಸಿಗೆ ಇಪ್ಪತ್ತು ನಿಮಿಷವಿದೆ. ಮುಂದಿನ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದರೆ ಕೀಲಿಗಳಲ್ಲಿ ಬೆಳಕಿಲ್ಲ. ಬೆಳಕಿನ ಗುಂಡಿ ಒತ್ತಿದರೂ ಇಲ್ಲ.

"ನಾಕ್ ತಿಂಗಳಿಂದ ಹಗಲೂ ರಾತ್ರಿ ಉರೀತಿತ್ತು. ನಿಮ್ಮ ಮಷಿನ್ ಸುಟ್ಟು ಹಾಕೇತೇನ್ರಿ?"

ಈಶ್ವರ್ ಮುಖ ಕಪ್ಪಿಡುತ್ತದೆ. ಪರದೆಯನ್ನು ಸರ್ರನೆ ಸರಿಸುತ್ತಾರೆ. "ಮಷಿನ್ ಎಲ್ಲೀದ್ರಿ, ಇಕೀನ ಮಾಡಿದಾಕಿ. ಏನ್ ಮಾಡಿದಿ ತಾಯಕ್ಕ?"

ತಾಯಕ್ಕ ಎದ್ದು ಮುಂದಿನ ಮೇಜಿನ ಬಳಿ ಬರುತ್ತಾರೆ. ಪ್ಲಾಟಿನ ಬಿಸಿಲು, ಎದೆ ಹಿಂಡುವ ಕೆಮ್ಮು ಎಲ್ಲ ಒಟ್ಟಿಗೇ ನೆನಪಾಗುತ್ತವೆ. "ಮುಂಜಾನೆ ಉರದೈತ್ರಿ ಸರ. ನನ್ನ ಕಣ್ಣಾರೆ ನೋಡೀನಿ. ಒಂಚೂರ್ ಶಟರ್ ಇಳಸ್ರಿ."

"ಸುಮ್ನಿರು, ಬಸ್ ತಪ್ಪತೈತಿ ಅವರ್ದು."

ಮುಂಜಾನೆಗೂ ಈಗಿಗೂ ಬದಲಾಗಿದ್ದು ಬಿಸಿಲೊಂದೇ ಎಂಬುದು ತಾಯಕ್ಕನ ತಲೆಯಲ್ಲಿ ಸುತ್ತುತ್ತಿದೆ. ಅನುಮತಿಗೆ ಕಾಯದೆ ಸೆರಗು ಬಿಡಿಸಿ ಲ್ಯಾಪ್‌ಟಾಪಿನ ಮೇಲೂ ತಮ್ಮ ತಲೆಯ ಮೇಲೂ ಹೊದಿಸಿಕೊಳ್ಳುತ್ತಾರೆ. ಸೆರಗಿನೊಳಗೆ ಬೆಳಕು ನಿಧಾನ ಏರುತ್ತದೆ. ಸೆರಗು ತೆಗೆದರೆ ಆರುತ್ತದೆ. ಏನೋ ಹೊಳೆದಂತೆ ಎಡದ ತೂತುಗಳ ಮೇಲೆ ಅಂಗೈ ಇಡುತ್ತಾರೆ: ಏನೂ ಆಗುವುದಿಲ್ಲ. ಇಬ್ಬರೂ ಅವರ ಕೈಯನ್ನೇ ನೋಡುತ್ತಿದ್ದಾರೆ. ಬಲದ ತೂತುಗಳ ಮೇಲೂ ಇನ್ನೊಂದು ಅಂಗೈ ಒತ್ತುತ್ತಾರೆ. ಕೀಲಿಗಳು ಬೆಳಗುತ್ತವೆ.

"ಇಲ್ಲಿ ಅದರ ಕಣ್ಣದಾವ್ರಿ. ಧೂಳು ಕುಂತು ಮುಚ್ಚಿದ್ವು. ಅದಕ್ಕ ಹಗಲೂ ಕತ್ತಲ ಅನಸ್ತಿತ್ತು, ಸುಮ್ನ ಉರೀತಿತ್ತು. ಈಗ ಬಿಸಿಲು ಕಾಣ್ತೈತಿ, ಆರೇತಿ."

ನಾಲ್ಕು ತಿಂಗಳು ಕೆಟ್ಟಿದ್ದಾಗ ಸರಿಯಿದೆ ಎಂದುಕೊಂಡವರು, ಸರಿಯಾದ ದಿನ ಕೆಟ್ಟಿತು ಎಂದು ಕೂಗಾಡಿದ್ದರು. ಬಸವಕುಮಾರ್ ತಾವೂ ಒಮ್ಮೆ ಅಂಗೈ ಇಟ್ಟು ನೋಡುತ್ತಾರೆ. "ಅದಕ್ಕ ಬ್ಯಾಟರಿ ಜಲ್ದಿ ಇಳೀತಿತ್ತು" ಎಂದು ಗೊಣಗಿ, ಈಶ್ವರ್ ಕೈ ಕುಲುಕುತ್ತಾರೆ. "ಮಸ್ತ್ ಕೆಲಸ ಮಾಡೀರಿ ಈಶ್ವರ್, ಥ್ಯಾಂಕ್ಸ್" ಎಂದವರೇ ಬಸ್ಸಿಗೆ ಓಡುತ್ತಾರೆ. ಈಶ್ವರ್ ಪರದೆ ಎಳೆದು ಮೊದಲಿನಂತೆ ಮಾಡುತ್ತಾರೆ. ಮೇಜಿನ ಮಾತು ಎತ್ತುವುದಿಲ್ಲ. ಮೇಜು ಉಳಿದಿದೆ. ಸಿಟ್ಟು ಬರುವುದು ನೋಡುವವರಿಗೆ, ತಾಯಕ್ಕನಿಗಲ್ಲ. ಅವರಾಗಲೇ ಕಂಪ್ಲಿಯಿಂದ ಬಂದ ಇನ್ನೊಂದು ಲ್ಯಾಪ್‌ಟಾಪಿನ ಕೀಲಿ ಬಿಚ್ಚುತ್ತಿದ್ದಾರೆ.

ಏನಾದರೂ ಆಸೆ ಇದೆಯೇ ಎಂದರೆ, ಬಿಚ್ಚಿದ ಕೀಲಿಯನ್ನು ಸೆರಗಿಗೆ ಒರೆಸುತ್ತಲೇ ಹೇಳುತ್ತಾರೆ.

"ಭಾಳೇನಿಲ್ರಿ. ಕೆಟ್ಟೈತಿ ಅಂದಾಗ ಪರದೆ ಸರಿಸಿ, ಇಕೀನ ಮಾಡಿದಾಕಿ ಅಂದ್ರು. ಚಲೋ ಆದಾಗೂ ಒಮ್ಮಿ ಹಂಗ ಸರಿಸಿದ್ರ ಸಾಕು."